ಕೆಳಗಿನ ತೋಳು

ಜಮಖಂಡಿ ಬಸ್ಸಿನ್ಯಾಗ, ಕಂಡಕ್ಟರನ ಸೀಟಿನ ಹಿಂದ,
ಹಳೇ ಧೋತರದಾಗ ಸುತ್ತಿಸಿಕೊಂಡು
ಬಿಲ್ಲು ವಾಪಸ್ ಬಂತು ಗುಳೇದಗುಡ್ಡಕ್ಕ.
ಜೋಡಿ ಒಂದು ಚೀಟಿ, ಪಿ.ಟಿ. ಮಾಸ್ತರ ಯಮನಪ್ಪ ತಳವಾರರದು:
'ಬಡಿಗೇರ ಅವರ, ಮ್ಯಾಲಿನ ತೋಳು ಸೀಳು ಬಿಟ್ಟೈತಿ.
ಹುಡುಗಿ ಮಾರಿಗೆ ಸಿಡಿದ್ರ ಯಾರು ಹೊಣಿ?'

ನಾ ಚಾ ಕುಡೀಲಿಲ್ಲ.
ಹೊರಗ ಕಟ್ಟಿ ಮ್ಯಾಲ ಕುಂತು
ಎಂಟರ ಬಿಸಲಿಗೆ ತೋಳು ಓರೆ ಹಿಡಿದೆ.
ಇತ್ತು. ಬೆನ್ನಿನ ಮ್ಯಾಲ, ಕೂದಲೆಳಿಯಷ್ಟು,
ನಾರಿಗೆ ಅಡ್ಡ ಹರದಿತ್ತು.
ಎದಿ ಧಸಕ್ ಅಂತು.

ಖಾನಾಪುರದ ತಡಸಲ ಅದು.
ಎರಡು ಮಳಿಗಾಲ ಅಟ್ಟದ ಮ್ಯಾಲ ಒಣಗಿದ್ದು,
ನಾರಿನ ಜಾಡು ಹಿಡಿದು ಕೆತ್ತಿದ್ದು,
ಒಂದು ಎಳಿ ಕಡೀಬಾರದಂತ ಉಸರು ಹಿಡಿದು ಹೆರದದ್ದು.

ಹತ್ತಿ ಅರಳಿ ತಗೊಂಡು ಬೆನ್ನಿನ ಮ್ಯಾಲ ಎಳದೆ,
ಕೊಪ್ಪಿನಿಂದ ಹಿಡಿಕಿ ತನಕ, ಹಿಡಿಕಿಯಿಂದ ಕೊಪ್ಪಿನ ತನಕ.
ಸಿಬರು ಎದ್ದಿದ್ರ ಅರಳಿ ಸಿಗಬೇಕು.
ಸಿಗಲಿಲ್ಲ.
ಹೆದಿ ಏರಿಸಿ, ಕಿವಿ ಹಚ್ಚಿ, ಸಾವಕಾಶ ಎಳದೆ:
ಒಂದು ಗೇಣು, ಎರಡು ಗೇಣು, ಇನ್ನೂ ಒಂದು ಚೂರು.
ಟಿಕ್ ಅನ್ನಲಿಲ್ಲ ಕಟ್ಟಿಗಿ.
ಉಗುರಿಲೆ ಕೆರದೆ. ಗೆರಿ ಪುಡಿ ಆಗಿ
ಉಗುರಿನ ಸಂದಿಗೆ ಬಂತು.
ಮೆರುಗೆಣ್ಣಿ! ಬರೇ ಮೆರುಗೆಣ್ಣಿ.
ದಪ್ಪ ಬಳದಿದ್ದೆ ನಾನಽ, ಹೊಳೀಲಿ ಅಂತ;
ಬಿಲ್ಲು ಬಾಗಿತು, ಹೊಳಪಿಗೆ ಬಾಗಾಕ ಬರಲಿಲ್ಲ.

ನಕ್ಕೆ. ಯಮನಪ್ಪಗ ಫೋನ್ ಹಚ್ಚಿ
ಎರಡು ಮಾತು ಅನಬೇಕಂತ ಬೆರಳು ಹೋತು.
ಅಷ್ಟರಾಗ ಮಗ್ಗಲಿಗೆ ಕಂಡಿಕಿ ಸುತ್ತತಿದ್ದ ಮಾಳವ್ವ
ರಾಟಿ ನಿಲ್ಲಿಸಿ, ತಲಿ ಎತ್ತದ, ಕೇಳಿದ್ಳು:
'ಕೆಳಗಿನ ತೋಳಿನ ಸುದ್ದಿ ಬರದಾರೇನು?'

ಬರದಿಲ್ಲ.
ಅದು ಯಾರಿಗೂ ಕಾಣಂಗಿಲ್ಲ.
ಹಿಡಿಕಿಯಿಂದ ನಾಕು ಬೆರಳು ಕೆಳಗ, ಹೊಟ್ಟಿ ಕಡೆ,
ಗುಂಡುಸೂಜಿ ಮೊನಿಯಷ್ಟು ಹುಳದ ತೂತು.
ಅದಽ ಕಟ್ಟಿಗಿ ಹೊಟ್ಟು, ಮ್ಯಾಲ ಫೆವಿಕಾಲು,
ತುಂಬಿ, ಉಜ್ಜಿ, ಬಣ್ಣ ಕೂಡಿಸಿ
ಒಂದಿಡೀ ರಾತ್ರಿ ಹಾಳು ಮಾಡಿದ್ದೆ.
ಅದೂ ಗಟ್ಟಿನಽ; ನೂರು ಸಲ ಎಳದು ನೋಡೀನಿ.
ಆದ್ರ ಹೇಳಿರಲಿಲ್ಲ.
ಮಾಸ್ತರ ಹೆದರಿದ್ದು ಬ್ಯಾರೇದಕ್ಕ,
ನಾ ಹೆದರಿದ್ದು ಬ್ಯಾರೇದಕ್ಕ.

ಮೆರುಗು ಅಷ್ಟೂ ಹೆರದು ತಗದೆ.
ಅಗಸಿ ಎಣ್ಣಿ ಅಂಗೈಲೆ ತಿಕ್ಕಿದೆ, ಬಿಸಿ ಹುಟ್ಟೂತನಕ,
ಮೂರು ದಿನ, ದಿನಕ್ಕೊಂದು ಸಲ.
ಕಟ್ಟಿಗಿ ಹೊಳೀಲಿಲ್ಲ; ಹೊಟ್ಟಿ ತುಂಬ ಉಂಡವರ ಮೈ ಹಂಗ ಕಂಡಿತು.
ಗಂಟು, ಕಪ್ಪು ಎಳಿ, ಎಲ್ಲಾ ಹೊರಗ ಬಿತ್ತು.
ತೂತೂ ಬಿತ್ತು.
ಮಾಳವ್ವ ಖಣದ ಅಂಚಿಗೆ ಉಳಿದ ಕೆಂಪು ರೇಶ್ಮಿ ಕೊಟ್ಳು.
ಹನ್ನೆರಡು ಸುತ್ತು, ಒತ್ತೊತ್ತಿ, ತುದಿ ಒಳಗ ಹೋಗೂವಂಗ.

'ಮುಚ್ಚಾಕ ಕೊಟ್ಟೀಯೇನು?' ಅಂದೆ.
'ತೋರಿಸಾಕ,' ಅಂದು ರಾಟಿ ತಿರುವಿದ್ಳು.

ಚೀಟಿ ಬರದೆ:
'ಮಾಸ್ತರ, ಮ್ಯಾಲಿನದು ಮೆರುಗಿನ ಗೆರಿ, ತಗದೀನಿ.
ಕೆಳಗ, ಕೆಂಪು ರೇಶ್ಮಿ ಬುಡಕ, ಹುಳದ ತೂತು ಐತಿ.
ಮೊದಲಽ ಹೇಳಬೇಕಿತ್ತು. ಬಿಲ್ಲು ಗಟ್ಟಿ ಐತಿ.
ಬ್ಯಾಡಾದ್ರ ರೊಕ್ಕ ಕಳಸ್ತೀನಿ.'

ರೊಕ್ಕ ಕೇಳಲಿಲ್ಲ. ಇಪ್ಪತ್ತು ದಿನಕ್ಕ ಫೋನ್ ಬಂತು,
ಮಾಸ್ತರದಲ್ಲ; ಆ ಹುಡುಗಿದು, ರೇಣವ್ವ, ಏಳನೇ ಇಯತ್ತೆ.
'ಕಾಕಾ, ಇನ್ನೂ ಮೂರು ಬಿಲ್ಲು ಬೇಕು, ನಮ್ಮ ಗೆಳತ್ಯಾರಿಗೆ.
ನಂದರ ಹಂಗಽ ಕೆಂಪು ರೇಶ್ಮಿ ಸುತ್ತಿ ಕೊಡ್ರಿ,
ಇಲ್ಲಾಂದ್ರ ಅವರು ಒಲ್ಲಂತಾರ.'

ಈಗ ಮೂರು ತಡಸಲ ಪಟ್ಟಿ ಮುಂದ ಇಟಗೊಂಡು ಕುಂತೀನಿ.
ಬಿಸಲಿಗೆ ಹಿಡಿದು, ಅರಳಿ ಎಳದು,
ಹುಡುಕೇ ಹುಡುಕತೀನಿ.
ಒಂದರಾಗೂ ತೂತಿಲ್ಲ.
ಮಾಳವ್ವನ ರೇಶ್ಮಿ ತೊಡಿ ಮ್ಯಾಲ ಬಿದ್ದೈತಿ.
ಏನಂತ ಸುತ್ತಲಿ?