ಎಡಕ್ಕೆ ವಾಲಿದ ಸೀಟು

ಯಾರ್ಕ್‌ಷೈರಿನ ಚಳಿ ತಗಡನ್ನೂ ಕಚ್ಚುತ್ತದೆ.
ನಲವತ್ತೊಂಬತ್ತರ ಫೆಬ್ರವರಿ. ಷೆಡ್ಡಿನಲ್ಲಿ ಸೀಮೆಎಣ್ಣೆ ಒಲೆ,
ಪಕ್ಕದಲ್ಲಿ ಗೋಣಿಚೀಲದ ತುಂಬ ಹಸಿ ಪ್ಲಾಸ್ಟರು.
‘ಕೂತ್ಕೋ ಎನಿಡ್, ಅಲ್ಲಾಡಬೇಡ’ ಅಂದ ಕ್ಲಿಫರ್ಡ್.
ತಾನೇ ಕೂತರೆ ಕಲಸುವವರು ಯಾರು?
ಹೇಗೂ ಅಣ್ಣನ ಪ್ಯಾಂಟು ನನಗೂ ಆಗುತ್ತಿತ್ತು.

ಕೂತೆ. ಚಹಾ ಆರುವಷ್ಟು ಹೊತ್ತು,
ಇನ್ನೊಂದು ಚಹಾ ಆರುವಷ್ಟು ಹೊತ್ತು.
ಪ್ಲಾಸ್ಟರು ಮೊದಲು ಬೆಚ್ಚಗಾಯಿತು, ಆಮೇಲೆ ಕಲ್ಲಾಯಿತು.
ಆ ಗುಳಿಯೊಳಗೆ ಅಲ್ಯುಮಿನಿಯಂ ಬಡಿದು ಬಡಿದು
ಸೀಟು ಮಾಡಿದ.
ಒಂದೇ ಸೀಟು.
ಎರಡನೆಯವರಿಗೆ ಜಾಗವಿಲ್ಲದ ಕಾರು.

ಇಂಜಿನ್ನು ಬೈಕಿನದು, ಒಂಟಿ ಸಿಲಿಂಡರು, ಬೆನ್ನ ಹಿಂದೆ.
ಮುಂದಿನ ಪಟ್ಟಿ ಸ್ಪ್ರಿಂಗು
ಗುಜರಿಗೆ ಬಿದ್ದಿದ್ದ ಪುಟ್ಟ ಇಟಲಿ ಕಾರಿನದು.
ಚೈನಿನ ಮಾತು ಬೇಡ, ವಾರಕ್ಕೊಮ್ಮೆ ಕಡಿಯುತ್ತಿತ್ತು.
ತೂಕ ಕಳೆಯಲು ತೂತು:
ಪೆಡಲಿಗೆ, ಬ್ರೇಕಿನ ಹಿಡಿಗೆ, ಗೇರಿನ ಕಡ್ಡಿಗೆ.
ಡ್ರಿಲ್ಲು ಹಿಡಿದವಳು ನಾನು, ಬೊಬ್ಬೆ ಎದ್ದದ್ದು ನನ್ನ ಅಂಗೈಗೆ.
ಅಮ್ಮ ಬಂದು ನೋಡಿ,
‘ಹಿಟ್ಟು ಜರಡಿ ಹಿಡಿಯಬಹುದು ಇದರಲ್ಲಿ’ ಅಂದಳು.

ಚಿಕ್ಕಂದಿನಲ್ಲಿ ಮೂಗು ಹಿಡಿದು ನಮಗೆ ಕುಡಿಸಿದ ಹರಳೆಣ್ಣೆ
ಈಗ ಕಾರು ಕುಡಿಯುತ್ತಿತ್ತು, ಮುಖ ಕಿವುಚದೆ.
ಅದರ ಹೊಗೆಗೆ ಈಗಲೂ ನನ್ನ ಹೊಟ್ಟೆ ತೊಳಸುತ್ತದೆ,
ಕಣ್ಣು ಮಾತ್ರ ಅರಳುತ್ತದೆ.

ಥಾರ್ನ್‌ಷಾ ಏರು. ಸಾವಿರ ಗಜ, ಐದು ತಿರುವು.
ಮೂರನೆಯದು ಕುರಿದೊಡ್ಡಿಯ ಗೋಡೆಗೆ ಒರಸಿಕೊಂಡು ಎಡಕ್ಕೆ.
ಅಲ್ಲಿ ಎಲ್ಲರೂ ಕಾಲು ಎತ್ತುತ್ತಿದ್ದರು.
ಕ್ಲಿಫರ್ಡ್ ಎತ್ತಲಿಲ್ಲ.
ನನ್ನ ಕೈಯಲ್ಲಿ ಸ್ಟಾಪ್‌ವಾಚು:
ನಲವತ್ತನಾಲ್ಕು ಸೆಕೆಂಡು, ಮೇಲೆ ಚೂರು.
ಏಳು ವರ್ಷ ಆ ಚೂರನ್ನು ಯಾರಿಗೂ ಮುರಿಯಲಾಗಲಿಲ್ಲ.

ತಿಳಿದವರು ಬಂದರು, ಟೇಪು ತಂದರು,
ಕೆಸರಲ್ಲಿ ಬೋರಲು ಮಲಗಿ ಅಳೆದರು.
ಸ್ಪ್ರಿಂಗಿನ ಬಾಗು ಅಂದ ಒಬ್ಬ,
ಟೈರಿನ ಗಾಳಿ ಅಂದ ಇನ್ನೊಬ್ಬ.
ಪತ್ರಿಕೆಯಲ್ಲಿ ಬಾಣದ ಗುರುತುಗಳ ಚಿತ್ರ ಬಂತು,
ಅಣ್ಣ ಅದನ್ನು ಕಟ್ಟು ಹಾಕಿಸಿದ.
ಬಲ ತಿರುವಿನಲ್ಲಿ ಮಾತ್ರ ಅವನೂ ಹತ್ತರಲ್ಲಿ ಹನ್ನೊಂದನೆಯವನು,
ಅದನ್ನು ಯಾರೂ ಕೇಳಲಿಲ್ಲ.

ಆರು ವರ್ಷದವಳಿದ್ದಾಗ ಕಲ್ಲಿದ್ದಲ ಗಾಡಿಯಿಂದ ಬಿದ್ದು
ಸೊಂಟ ಮುರಿದುಕೊಂಡಿದ್ದೆ.
ಚರ್ಚಿನ ಬೆಂಚಾಗಲಿ ಬಸ್ಸಾಗಲಿ,
ಕೂತಲ್ಲೆಲ್ಲ ಎಡಕ್ಕೆ ವಾಲುತ್ತೇನೆ.
ಪ್ಲಾಸ್ಟರಿಗೆ ದಾಕ್ಷಿಣ್ಯವಿಲ್ಲ, ಇದ್ದದ್ದನ್ನು ಇದ್ದಂತೆ ಹಿಡಿಯಿತು.
ಹನ್ನೊಂದು ವರ್ಷ ನಮ್ಮಣ್ಣ
ನನ್ನ ಕುಂಟಿನಲ್ಲಿ ಕೂತು ಆ ತಿರುವು ಗೆದ್ದ.

ಹೇಳಲಿಲ್ಲ.
ಅವನು ಕಪ್ಪು ಒರೆಸುವಾಗ ಒಂದೆರಡು ಸಲ ಬಾಯಿಗೆ ಬಂದಿತ್ತು.

ಈಗ ಕಾರು ಗ್ಯಾರೆತ್ ಎಂಬ ಹುಡುಗನದು.
ಬಣ್ಣ ಹೊಸದು, ಹಸಿರು ಮಾತ್ರ ಆ ಹಸಿರಲ್ಲ.
‘ಸೀಟು ಯಾಕೋ ಸೊಟ್ಟಗಿದೆ ಅಜ್ಜಿ, ನೆಟ್ಟಗೆ ಮಾಡಿಸಲಾ?’

ಎಂಬತ್ತೊಂದರ ಮೈ. ಕಂಕುಳಿಗೆ ಕೈ ಕೊಟ್ಟು
ಇಬ್ಬರು ಇಳಿಸಿದರು ಒಳಕ್ಕೆ.
ತಗಡು ಮೊದಲು ಕಚ್ಚಿತು,
ಆಮೇಲೆ ಬೆಚ್ಚಗಾಯಿತು.
ನಡುವೆ ಒಂದು ಬೆರಳೂ ತೂರುವಂತಿರಲಿಲ್ಲ.

‘ಸ್ಟೇರಿಂಗ್ ಬಿಚ್ಚಿ ಇಟ್ಟಿದ್ದೀಯಲ್ಲ,
ಕೊಡು ಇಲ್ಲಿ’ ಅಂದೆ.