ಚಕ್ಕುಬಂದಿ

ಸಾಗರದ ಕೋರ್ಟಿನೆದುರು, ಹಲಸಿನ ಮರದಡಿ
ಇಪ್ಪತ್ತಾರು ವರ್ಷದಿಂದ ನನ್ನ ಟೈಪ್‌ರೈಟರು.
ಅಫಿಡವಿಟ್ಟು, ಬಾಡಿಗೆ ಕರಾರು, ವಂಶವೃಕ್ಷ.
ಕಂಪ್ಯೂಟರು ಬಂದ ಮೇಲೂ ಬಿಟ್ಟಿಲ್ಲ,
ಕರೆಂಟು ಹೋದ ದಿನ ಎಲ್ಲರಿಗೂ ನಾನೇ ಬೇಕು.
ಶರಾವತಿಯ ಸೀಮೆಯಲ್ಲೇ ಕರೆಂಟು ಹೋಗುವುದನ್ನು
ಯಾರೂ ಇನ್ನೂ ದಾವೆ ಹೂಡಿಲ್ಲ.

ಶಿವಮೊಗ್ಗದ ಲಾ ಕಾಲೇಜಿನವರು ಕರೆತಂದಿದ್ದರು ಅವರನ್ನು.
ಜಾಂಬೆಜಿಯೆಂಬ ಹೊಳೆಯ ಕಡೆಯವರು,
ಮುಟಿಂಟ ಸಿಯಾಂಪೊಂಡೊ.
ಮೂರು ಸಲ ಕೇಳಿ ಬರೆದುಕೊಂಡೆ:
ಹೆಸರು ತಪ್ಪಿದರೆ ಅರ್ಜಿ ವಜಾ, ಕಸುಬಿನ ಮೊದಲ ಪಾಠ.
ದೇಶದೇಶಗಳ ತಕರಾರು ಕೇಳುವ ಪೀಠದಲ್ಲಿ
ಗಂಡಸರ ಸಾಲಿನ ಕೊನೇ ಕುರ್ಚಿ ಇವರದಾಗಿತ್ತಂತೆ.
ಭಾಷಣ ಮುಗಿಸಿ, ಹೊದಿಸಿದ ಶಾಲು ಮಡಚಿಟ್ಟು
"ಮುಳುಗಿದ ಊರು ತೋರಿಸಿ" ಅಂದರು.

ಮೇ ತಿಂಗಳು. ಹಿನ್ನೀರು ಹಿಂದಕ್ಕೆ ಸರಿದು
ಅರವತ್ತು ವರ್ಷದ ಹಿಂದೆ ಸತ್ತ ಮರಗಳು
ಬುಡ ಮಾತ್ರ ಎತ್ತಿ ನಿಂತಿದ್ದವು.
ಬಿರಿದ ಕೆಸರಿನ ಮೇಲೆ ಕೆರಿಯಮ್ಮ ಕಾಯುತ್ತಿದ್ದಳು,
ಸಕ್ಕರೆ ಕವರಿನಲ್ಲಿ ಕಾಗದಪತ್ರ.
ಹುಡುಗರ ಇಂಗ್ಲಿಷು ಅವಳಿಗೆ ಸಲ್ಲದು,
ಅವಳ ಮಾತು ಹುಡುಗರಿಗೆ ಸಲ್ಲದು.
ಬಿಎ ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾದ ನಾನೇ ದುಭಾಷಿ.

"ಈ ಯಮ್ಮ ಯಾವ ತಾಲೂಕಿನ ಜಡ್ಜು?"
"ಎಲ್ಲಾ ದೇಶಕ್ಕೂ."
"ಹಂಗಾರೆ ಸಾಗರ ಅದ್ರೊಳಗೆ ಬತ್ತದಾ?"

ತರ್ಜುಮೆ ಮಾಡಿದೆ. ಅವರು ನಗಲಿಲ್ಲ.
ಅಲ್ಲಿಯ ಕಟಕಟೆಗೆ ದೇಶಗಳಿಗಷ್ಟೇ ಪ್ರವೇಶ ಎಂದರು.
ಅದನ್ನು ಕೆರಿಯಮ್ಮನಿಗೆ ದಾಟಿಸುವಾಗ ನನಗೆ ಮಾತು ಕಡಿಮೆ ಬಿತ್ತು.
ಕೆರಿಯಮ್ಮ ದೇಶವಲ್ಲ.

ಆಮೇಲೆ ಮರದ ಬುಡದ ಮೇಲೆ ಕೂತು
ಅವರೇ ಸಾಕ್ಷಿ ಹೇಳಿದರು, ಯಾರೂ ಕರೆಯದ ಸಾಕ್ಷಿ.
ಆರು ವರ್ಷ. ಲಾರಿ. ಕಾಳಿನ ಬುಟ್ಟಿಯ ಮೇಲೆ ಕೂತು ವಾಂತಿ.
ಅಣೆಕಟ್ಟಿನ ನೀರು ಅಜ್ಜಿಯ ಗೋರಿ ಏರಿತು.
ಹೊಸ ಊರಿನಲ್ಲಿ ಹೊಳೆಯಿಲ್ಲ, ತಲೆಯ ಮೇಲೆ ತಂತಿ,
ಆ ತಂತಿಯ ಕೆಳಗೆ ಬುಡ್ಡಿದೀಪದಲ್ಲಿ ಓದು.
ಎಷ್ಟೋ ವರ್ಷ, ಎಷ್ಟೋ ಚಳಿಯ ಊರುಗಳ ಆಚೆ
ಎರಡು ದೇಶಗಳ ಒಂದು ಹೊಳೆ ಮೇಜಿಗೆ ಬಂತು:
ಗಡಿ ಎಲ್ಲಿ?
ಹೊಳೆಯ ಅತಿ ಆಳದ ಎಳೆಯಲ್ಲಿ, ಎಂದಿತು ಪೀಠ.
"ಅಲ್ಲಿ ಯಾರ ಮನೆಯೂ ಇರುವುದಿಲ್ಲ" ಎಂದು
ಇವರೊಬ್ಬರೇ ಭಿನ್ನ ತೀರ್ಪು ಬರೆದರು.

ಭಿನ್ನ ತೀರ್ಪು. ಹೇಗೆ ಹೇಳಲಿ?
"ಪಂಚಾಯ್ತಿ ಕೂತು ಎಲ್ಲರೂ ಹೌದೆಂದಾಗ
ಎದ್ದು ಅಲ್ಲವೆಂದರು" ಎಂದೆ.
"ಗೆದ್ರಾ?"
"ಇಲ್ಲ."
"ಸೋತಿದ್ದನ್ನೂ ಬರ್ದಿಟ್ರಾ?"
"ಬರೆದಿಟ್ಟರು. ಅಚ್ಚಾಗಿದೆ."

ಕೆರಿಯಮ್ಮ ಸ್ವಲ್ಪ ಹೊತ್ತು ಅವರ ಕೈ ನೋಡಿದಳು.
ಕವರು ಬಿಚ್ಚಲಿಲ್ಲ. ಕಡ್ಡಿ ಹೆಕ್ಕಿ, ಗೋಡೆಗೆ ಹಸೆ ಬರೆಯುವವಳ ಹಾಗೆ
ಕೆಸರಿನಲ್ಲಿ ನಾಲ್ಕು ಗೆರೆ ಎಳೆದಳು. ಒಂದೂ ಅಲುಗಲಿಲ್ಲ.
"ಹಂಗಾರೆ ನಂದೂ ಬರ್ಕಳಿ."

ಮರುದಿನ ಹಲಸಿನ ಮರದಡಿ ಟೈಪಿಸಿದೆ:
ಪೂರ್ವಕ್ಕೆ: ಅತ್ತೆ ನೆಟ್ಟ ಮುರುಗಲು ಮರ.
ಪಶ್ಚಿಮಕ್ಕೆ: ಭಾವನ ಗದ್ದೆ, ಮಾತು ಬಿಟ್ಟವನು.
ದಕ್ಷಿಣಕ್ಕೆ: ಚೌಡಿಯ ಬನ.
ಉತ್ತರಕ್ಕೆ: ದನ ನೀರಿಗಿಳಿಯುವ ದಾರಿ.
ಈ ಮಧ್ಯೆ ಇರುವ ಸ್ವತ್ತು.
(ಇರುವ? ಇದ್ದ? ಕೀಲಿಮಣೆಯ ಮೇಲೆ ಬೆರಳು ತಡೆಯಿತು.
ಇರುವ ಎಂದೇ ಒತ್ತಿದೆ.)

ಇನ್ನೊಂದು ಹಾಳೆ ಏರಿಸಲು ಹೇಳಿದರು ಮುಟಿಂಟ.
ಪೂರ್ವಕ್ಕೆ ಒಂದು ಬಂಡೆ, ಪಶ್ಚಿಮಕ್ಕೆ ಅಜ್ಜಿ,
ದಕ್ಷಿಣಕ್ಕೆ ಹೊಳೆ; ಅವರ ನುಡಿಯಲ್ಲೇ ಹೇಳಿದರು,
ನಮ್ಮ ಲಿಪಿಯಲ್ಲಿ ಕೂಡಿಸಿದೆ, ಒತ್ತು ದೀರ್ಘ ಕೇಳಿ ಕೇಳಿ.
ಉತ್ತರಕ್ಕೆ?
ಬಹಳ ಹೊತ್ತು ಸುಮ್ಮನಿದ್ದರು. ಲಾರಿಯಲ್ಲಿ
ಆ ಕಡೆಗೆ ಬೆನ್ನು ಮಾಡಿ ಕೂತಿದ್ದೆ, ಎಂದರು.

ಆ ಸಾಲು ಖಾಲಿ ಬಿಟ್ಟು ಹಾಳೆ ಇಳಿಸಿದೆ.
ಕಾರ್ಬನ್ ಪ್ರತಿ ನನ್ನ ಪೆಟ್ಟಿಗೆಯಲ್ಲಿದೆ.
ಛಾಪಾ ಕಾಗದದ ದುಡ್ಡು ಯಾರು ಕೊಟ್ಟರೋ, ಈಗ ನೆನಪಿಲ್ಲ.