ಬೈಕಂಪಾಡಿಯಲ್ಲಿ ನಾಲ್ಕು ಟಯರು

ಹೊಸದೇ, ಆದರೆ ಹೊಸದರ ರೇಟಿಲ್ಲ
ಎಂದರು ಇದಿನಬ್ಬ. ಶಟರಿನ ಒಳಗೆ
ಕತ್ತಲೆಯನ್ನೇ ಉಂಗುರ ಮಾಡಿ ಪೇರಿಸಿದ ಹಾಗೆ
ಟಯರುಗಳು, ಮಾಡಿನ ತಗಡಿನವರೆಗೆ.
ರಬ್ಬರಿನ ವಾಸನೆಗೆ ಅಮ್ಮ ಸೆರಗು ಮೂಗಿಗೆ ಹಿಡಿಯಲಿಲ್ಲ.
ಇದಕ್ಕಿಂತ ಕೆಟ್ಟದ್ದರಲ್ಲಿ ಇಪ್ಪತ್ತಾರು ವರ್ಷ ಕೂತವಳು.

ಒಂದಕ್ಕೆ ಕಂಪೆನಿ ಹೆಸರಿನ ಮೂರನೇ ಅಕ್ಷರವೇ ಮೂಡಿಲ್ಲ.
ಒಂದರ ಪಕ್ಕೆಗೆ ಸುಣ್ಣದ ಬೆರಳು ಎಳೆದಂಥ ಬಿಳಿ.
ಇನ್ನೊಂದಕ್ಕೆ ಅಚ್ಚು ಕೂಡುವಲ್ಲಿ ಸುಕ್ಕು,
ಅವಸರದಲ್ಲಿ ಇಸ್ತ್ರಿ ಹಾಕಿದ ಕಾಲರಿನದು.
'ಓಡುವುದಕ್ಕೆ ಎಂತದೂ ಇಲ್ಲ ಮಾರಾಯ್ರೆ,
ಮೋರೆಗೆ ಮಾತ್ರ.
ಬಿಲ್ಲು ಕೊಡ್ತೇನೆ, ವಾರಂಟಿ ಕೇಳಬೇಡಿ.'
ಶೋರೂಮಿನಲ್ಲಿ ಮೂರು ಸಾವಿರದ ಇನ್ನೂರು. ಇಲ್ಲಿ ಎರಡು.

ನನ್ನ ಆಲ್ಟೊದ ಹಳೆಯ ನಾಲ್ಕೂ ಬೋಳು.
ಮೊನ್ನೆ ಪಣಂಬೂರಿನ ಹತ್ತಿರ ಬ್ರೇಕು ಒತ್ತಿದರೆ
ಜಾರಿ, ಜಾರಿ, ಗ್ಯಾಸ್ ಟ್ಯಾಂಕರಿನ ಬೆನ್ನ ಮೇಲಿನ
ಸಣ್ಣ ಅಕ್ಷರವೂ ಓದುವಷ್ಟು ಹತ್ತಿರ ಹೋಗಿ ನಿಂತಿತು.
ಹಿಂದಿನ ಸೀಟಿನಲ್ಲಿ ಹದಿನೇಳು ಮನೆಯವರ ರಕ್ತ,
ಸಣ್ಣ ಸಣ್ಣ ಬಾಟ್ಲಿಗಳಲ್ಲಿ, ಐಸಿನ ಪೆಟ್ಟಿಗೆಯೊಳಗೆ
ಟಿಣ್ ಎಂದಿತು. ಒಡೆಯಲಿಲ್ಲ.

ಹಾಗಾಗಿ ಹುಡುಕಿದೆ, ಮೊಬೈಲಿನ ಟಾರ್ಚು ಹಿಡಿದು,
ಪೇರಿ ಇಳಿಸಿ, ಪೇರಿ ಏರಿಸಿ.
ಸಿಕ್ಕಿತು ಒಂದು: ಅಕ್ಷರ ಪೂರ್ತಿ, ಪಕ್ಕೆ ನುಣುಪು,
ಮದುಮಗನ ಬೂಟಿನಂಥ ಕಪ್ಪು.
'ಇದು ನೋಡು ಅಮ್ಮ, ಇದಕ್ಕೆ ಕಲೆಯೇ ಇಲ್ಲ!'
ಲಾಟರಿ ಹೊಡೆದವಳ ಸ್ವರ ನನ್ನದು.

ಅಮ್ಮ ಆವರೆಗೆ ಮಾತಾಡಿರಲಿಲ್ಲ.
ಕುಕ್ಕರುಗಾಲಿನಲ್ಲಿ ಕೂತಳು, ಕಾರ್ಖಾನೆಯಲ್ಲಿ ಕೂತ ಹಾಗೆ.
ಮದುವೆಗೆ ಮೊದಲು ಗೇರುಬೀಜ ಒಡೆಯುತ್ತಿದ್ದಳು;
ಸಿಪ್ಪೆಯ ಎಣ್ಣೆ ತಿಂದ ಬೆರಳು ಇನ್ನೂ ಕಪ್ಪು.
ಆ ಬೆರಳು ಕಂಡು ಒಂದು ಕಡೆಯವರು
ಚಾ ಮುಟ್ಟದೆ ಎದ್ದು ಹೋಗಿದ್ದರಂತೆ.
ಎರಡನೆಯವರು ನನ್ನ ಅಪ್ಪ. ಎರಡು ಲೋಟ ಕುಡಿದರು.
ಮತ್ತೆ ಅವಳಿಗೆ ವಿಂಗಡಿಸುವ ಮೇಜು:
ಬಿಳಿ ಇಡಿ, ಕರಕಲು ಇಡಿ, ಹೋಳು, ತುಂಡು, ನುಚ್ಚು.
ನಮ್ಮ ಮನೆಯ ಪಾಯಸಕ್ಕೆ ಯಾವತ್ತೂ ಕರಕಲು.
ರುಚಿ ಅದರದ್ದೇ ಹೆಚ್ಚು ಎಂದು
ನಾನು ಹೊರಗಿನ ಪಾಯಸ ತಿಂದ ಮೇಲೆ ತಿಳಿಯಿತು.

ಟಯರಿನ ಒಳಮೈಗೆ ಕೈ ಹಾಕಿದಳು.
ಕರುವಿನ ಬಾಯಿ ನೋಡುವವರ ಹಾಗೆ
ಸುತ್ತ ಒಂದು ಸಲ, ನಿಧಾನ, ಕಣ್ಣು ಬೇರೆಲ್ಲೋ,
ಹೈವೇಯಲ್ಲಿ ಹೋಗುವ ಮೀನಿನ ಲಾರಿಯ ಮೇಲೆ.
ಒಂದು ಕಡೆ ಬೆರಳು ನಿಂತಿತು.
ಹಿಂದೆ ಬಂತು. ಮತ್ತೆ ಅಲ್ಲಿಯೇ ನಿಂತಿತು.

'ಉಂದೆಕ್ ದಾದ ಆತ್ಂಡ್?'
ಇದಿನಬ್ಬರು ಏನೂ ಆಗಿಲ್ಲ ಎಂದರು.
'ಏನೂ ಆಗದ್ದು ಇಲ್ಲಿಗೆ ಯಾಕೆ ಬಂತು?'

ಫ್ಯಾನು ಒಂದೇ ತಿರುಗುತ್ತಿತ್ತು.
ಅಂಗಡಿಯ ಹುಡುಗ ಜ್ಯಾಕನ್ನು ಸುಮ್ಮನೆ ಒರೆಸಿದ.
'ಬಣ್ಣ ಹೋದದ್ದು ಬೇರೆ,' ಅಮ್ಮ ಏಳುತ್ತಾ ಅಂದಳು,
'ಹುಳ ಹೊಕ್ಕದ್ದು ಬೇರೆ.
ಹುಳ ಹೊಕ್ಕ ಬೀಜ ಮೇಲಿಂದ ಬಹಳ ಚಂದ.'
ಇದಿನಬ್ಬರು ನಾನು ತೋರಿಸಿದ್ದನ್ನು ಉರುಳಿಸಿ
ಕಕ್ಕಸಿನ ಗೋಡೆಗೆ ಒರಗಿಸಿ ಬಂದರು.
ಬಂದು, ಒಂದಕ್ಕೆ ನೂರು ಕಡಿಮೆ ಎಂದರು,
ಯಾರೂ ಕೇಳದೆ.

ಮೂಡದ ಅಕ್ಷರ, ಸುಣ್ಣದ ಬೆರಳು, ಸುಕ್ಕು;
ನಾಲ್ಕನೆಯದಕ್ಕೆ ನಾಯಿ ಕಚ್ಚಿದಂಥ ಒಂದು ಗೆರೆ,
ಅಮ್ಮ ಎರಡು ಸಲ ಮುಟ್ಟಿ ಹೂಂ ಅಂದದ್ದು.
ಕೂಳೂರು ಸೇತುವೆಯ ಹೊಂಡಗಳಲ್ಲಿ
ನಾನು ಕಿವಿಯಲ್ಲಿಯೇ ಡ್ರೈವ್ ಮಾಡಿದೆ.
ಹೊಳೆ ದಾಟಿದ ಮೇಲೆ ನೋಡಿದರೆ ಅಮ್ಮನಿಗೆ ನಿದ್ದೆ,
ಬಿಲ್ಲು ಮಡಚಿ ರವಕೆಯೊಳಗೆ.

ಜೂನಿನ ಎರಡನೇ ವಾರಕ್ಕೆ ಕೆಂಪು ಕೆಸರು ಹತ್ತಿ
ನಾಲ್ಕಕ್ಕೂ ಒಂದೇ ಮೋರೆ.
ಕಾರು ತೊಳೆಯುವಾಗ ಯಾವುದು ಯಾವುದೆಂದು ನನಗೆ ಗೊತ್ತಾಗುವುದಿಲ್ಲ.
ಅಮ್ಮ ಚೊಂಬು ಹಿಡಿದು ಎಡಗಡೆ ಹಿಂದಿನದರ ಹತ್ತಿರ ಕೂತು
ಅಕ್ಷರ ಇಲ್ಲದ ಜಾಗವನ್ನು ಹೆಬ್ಬೆರಳಲ್ಲಿ ಉಜ್ಜುತ್ತಾಳೆ,
ಸ್ವಲ್ಪ ಹೆಚ್ಚು ಹೊತ್ತು.